ಸೆಗಣಿ ಸಾರಿಸಿದ ಟೆನಿಸ್ ಅಂಗಳ

ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಉಪ್ಪಳದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ, ಮನೆಯಲ್ಲಿ ಕೊಂಕಣಿ ಮಾತಾಡುವ ಹೆಂಗಸು, ನನ್ನದೇ ವಯಸ್ಸಿನವಳು. ನಾನು ಬದಿಯಡ್ಕದ ಕಡೆಯ ಶಾಲೆಯೊಂದರಲ್ಲಿ ಕನ್ನಡ ಟೀಚರ್. ವಾರಕ್ಕೆರಡು ಸಂಜೆ ನಾವು ಎದುರುಬದುರು ನಿಂತು ಟೆನಿಸ್ ಆಡುತ್ತೇವೆ. ನಾನು ಆಗಲೇ ಬೆವರಿ ಕೆಂಪು ಮಣ್ಣು ಮೆತ್ತಿಕೊಂಡಿರುವಾಗ ಅವಳು ಕಾರಿನಿಂದಿಳಿದು ಬಂದು, ಮೊದಲ ಸರ್ವಿಸಿಗೇ ನನ್ನ ಬಾಯಿ ಮುಚ್ಚಿಸುತ್ತಾಳೆ. ಅದಾದರೂ ಸಹಿಸಬಹುದು. ಗೆದ್ದ ಮೇಲೆ ಡಬ್ಬಿ ತೆರೆದು, ತಾನೇ ಮಾಡಿದ ಕೇಕಿನ ದೊಡ್ಡ ತುಂಡನ್ನು ನನಗೇ ಕೊಡುತ್ತಾಳೆ. ಕೇಕು ಕೂಡ ಚೆನ್ನಾಗಿರುತ್ತದೆ.

ನಮ್ಮ ಕೋರ್ಟೆಂದರೆ ಅಡಿಕೆ ವ್ಯಾಪಾರಿಯೊಬ್ಬರು ಆಟಕ್ಕೆಂದು ಬಿಟ್ಟುಕೊಟ್ಟ ಹಳೆಯ ಅಂಗಳ. ಅದರ ಮೇಲೆ ಮುರಕಲ್ಲಿನ ಕೆಂಪು ಪುಡಿ ಹರಡಿ, ನೀರು ಚಿಮುಕಿಸಿ, ರೋಲರ್ ಎಳೆದಿದ್ದೇವೆ. ಆ ಪುಡಿಗೆ ಬಿದ್ದ ಚೆಂಡು ವೇಗ ಕಳೆದುಕೊಂಡು, ಸೊಂಟದೆತ್ತರಕ್ಕೆ ಎದ್ದು, ನಾನು ಓಡಿ ಬರುವವರೆಗೆ ಕಾಯುತ್ತದೆ. ಜೋರಾಗಿ ಹೊಡೆಯುವ ತಾಕತ್ತು ನನಗಿಲ್ಲ. ಬಂದದ್ದನ್ನೆಲ್ಲ ಹಿಂದಕ್ಕೆ ಕಳಿಸುವುದು, ಎದುರಿನವರು ಬೇಸತ್ತು ತಪ್ಪು ಮಾಡುವ ತನಕ ಕಳಿಸುತ್ತಲೇ ಇರುವುದು, ಇಷ್ಟೇ ನನ್ನ ಆಟ. ಆಗೊಮ್ಮೆ ಈಗೊಮ್ಮೆ ಅವಳನ್ನು ಸೋಲಿಸಿದ್ದರೆ ಅದು ಈ ಮಣ್ಣಿನ ದಯೆಯಿಂದ.

ಕಳೆದ ವರ್ಷ ಹಿರಿಯ ಆಟಗಾರರ ಜಿಲ್ಲಾ ತಂಡಕ್ಕೆ ನಮ್ಮ ಕಡೆಯಿಂದ ಒಬ್ಬ ಹೆಂಗಸನ್ನು ಆರಿಸುವುದೆಂದಾಯಿತು. ಹೆಸರು ಕೊಟ್ಟವರು ನಾವಿಬ್ಬರೇ. ಬೆನ್ನ ಮೇಲೆ ಜಿಲ್ಲೆಯ ಹೆಸರಿರುವ ಅಂಗಿಯನ್ನು ಒಮ್ಮೆಯಾದರೂ ಹಾಕಬೇಕೆಂದು ನಾನು ಕಾಲೇಜಿನ ದಿನಗಳಿಂದ ಆಸೆಪಟ್ಟವಳು. ಅಷ್ಟರಲ್ಲಿ ಜಿಲ್ಲಾ ಟೆನಿಸ್ ಸಂಘದಿಂದ ಮಲಯಾಳ ಭಾಷೆಯಲ್ಲಿ ನೋಟೀಸು ಬಂತು. ಆಯ್ಕೆಯ ಪಂದ್ಯ ಪೇಟೆಯ ಹೊಸ ಸಿಮೆಂಟ್ ಕೋರ್ಟಿನಲ್ಲಂತೆ. ಸಿಮೆಂಟಿನ ಮೇಲೆ ಚೆಂಡು ಯಾರಿಗಾಗಿಯೂ ಕಾಯುವುದಿಲ್ಲ. ಅವಳ ಹೊಡೆತಗಳು ಅಲ್ಲಿ ಹೇಗೆ ಹಾರಬಹುದೆಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಮರುದಿನ ಶಾಲೆಯ ಬಿಡುವಿನಲ್ಲಿ ಕುಳಿತು ಮನವಿ ಬರೆದೆ. ಆಟಗಾರರನ್ನು ಕೇಳದೆ ಅಂಗಳ ಬದಲಿಸುವ ಅಧಿಕಾರ ಸಂಘಕ್ಕೆ ಎಲ್ಲಿಂದ ಬಂತು, ಮಣ್ಣಿನಲ್ಲಿ ಕಲಿತವರ ಗತಿಯೇನು ಎಂದೆಲ್ಲ ಎರಡು ಪುಟ. ನ್ಯಾಯ ಎಂಬ ಪದವನ್ನು ಎಷ್ಟು ಸಲ ಬಳಸಿದೆನೋ. ಹೊಟ್ಟೆಕಿಚ್ಚು ಎಂಬುದೊಂದನ್ನು ಬಿಟ್ಟು ಉಳಿದೆಲ್ಲವೂ ಅದರಲ್ಲಿತ್ತು. ಅಂಗಳಕ್ಕೆ ಆಡಲು ಬರುವವರಿಗೆಲ್ಲ ಸಹಿಗೆ ಕೊಟ್ಟಾಗ ಎಲ್ಲರಿಗಿಂತ ಮೊದಲು ಪೆನ್ನು ಕೈಗೆತ್ತಿಕೊಂಡವಳು ಅವಳೇ.

“ಸರಿಯಾಗಿ ಬರೆದಿದ್ದೀರಿ ಟೀಚರೇ. ಅವರಿಗೆ ಎಂತ ಗೊತ್ತುಂಟು ನಮ್ಮ ಕಷ್ಟ?” ಎಂದಳು.

ಯಾವ ನೆಲದಲ್ಲಾದರೂ ನನ್ನನ್ನು ಸೋಲಿಸುತ್ತೇನೆಂಬ ಧಿಮಾಕು ಎಂದುಕೊಂಡೆ. ಇನ್ನಷ್ಟು ಉರಿಯಿತು.

ಸಂಘದ ಕಾರ್ಯದರ್ಶಿ ಒಂದು ಸಂಜೆ ನಮ್ಮ ಅಂಗಳಕ್ಕೇ ಮಾತುಕತೆಗೆ ಬಂದರು. “ಕೋರ್ಟು ಇಬ್ಬರಿಗೂ ಒಂದೇ ಅಲ್ವಾ ಟೀಚರೇ?” ಎಂದು ಕೇಳಿದರು.

“ಕುರ್ಚಿಯಲ್ಲಿ ಕೂತು ನೋಡುವವರಿಗೆ ಒಂದೇ. ನಾವು ಇಲ್ಲಿಯೇ ಆಡುವುದು, ಇಲ್ಲದಿದ್ದರೆ ಆಡುವುದೇ ಇಲ್ಲ” ಎಂದೆ. ಆಡುವವರಿಲ್ಲದೆ ಆಯ್ಕೆ ಮಾಡುವುದು ಹೇಗೆ? ಎರಡು ವಾರ ಎಳೆದಾಡಿ ಕೊನೆಗೆ ಒಪ್ಪಿದರು.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅಂಗಳವನ್ನು ಇನ್ನೂ ನಿಧಾನ ಮಾಡಿದರೆ ಅವಳ ಆಟ ಮುಗಿದಂತೆ ಎಂದು ಲೆಕ್ಕ ಹಾಕಿದೆ. ಕುಂಬ್ಡಾಜೆಯ ತವರಿನಲ್ಲಿ ಅಡಿಕೆ ಒಣಹಾಕುವ ಮೊದಲು ಅಮ್ಮ ಅಂಗಳಕ್ಕೆಲ್ಲ ಸೆಗಣಿ ಸಾರಿಸುತ್ತಿದ್ದಳು. ಕಾಲಿಗೆ ಮೆತ್ತಗೆ ತಾಗುತ್ತಿದ್ದ ಆ ಹಸಿ ನೆಲವಷ್ಟೇ ನನಗೆ ನೆನಪಿದ್ದದ್ದು. ಕೋರ್ಟು ಸಿದ್ಧಪಡಿಸುವ ಕೆಲಸವನ್ನು ನಾನಾಗಿಯೇ ವಹಿಸಿಕೊಂಡು, ಎರಡು ದಿನ ಮೊದಲೇ ಸೆಗಣಿ ತರಿಸಿ, ಸೊಂಟ ಬೀಳುವಷ್ಟು ಸಾರಿಸಿದೆ. “ಪಂದ್ಯದ ದಿನ ಧೂಳು ಏಳಬಾರದು” ಎಂದು ಕೇಳಿದವರಿಗೆಲ್ಲ ಹೇಳಿದೆ. ಎರಡು ದಿನ ಬಿಸಿಲೂ ಚೆನ್ನಾಗಿ ಬಿತ್ತು.

ಅಡಿಕೆಗೆ ಮಣ್ಣು ಹತ್ತದಿರಲಿ, ಪುಡಿಯೆಲ್ಲ ಕಚ್ಚಿ ನೆಲ ಗಟ್ಟಿಯಾಗಲಿ ಎಂದೇ ಅಮ್ಮ ಸಾರಿಸುತ್ತಿದ್ದದ್ದು. ಇದು ನನಗೆ ಹೊಳೆದದ್ದು ಅವಳ ಮೊದಲ ಸರ್ವಿಸು ನನ್ನ ಪಾದದ ಪಕ್ಕದಲ್ಲೇ ಜಾರಿ ಬೇಲಿಗೆ ಬಡಿದಾಗ. ನೆಲ ಒಣಗಿ ನುಣುಪಾಗಿತ್ತು. ಚೆಂಡು ಸೊಂಟಕ್ಕೆ ಏಳುವುದಿರಲಿ, ಮೊಣಕಾಲಿಗೂ ಏಳಲಿಲ್ಲ. ಎರಡು ಸೆಟ್ಟುಗಳಲ್ಲಿ ನನಗೆ ಸಿಕ್ಕಿದ್ದು ಮೂರು ಗೇಮು.

ನೆಟ್ಟಿನ ಹತ್ತಿರ ಬಂದು ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು.

“ನಿಮ್ಮ ಉಪಕಾರ ನಾನು ಮರೆಯುವುದಿಲ್ಲ ಟೀಚರೇ.”

“ಎಂತ ಉಪಕಾರ?”

“ಸಿಮೆಂಟಿನಲ್ಲಿ ಆಡಿದ್ರೆ ಮೊಣಕಾಲು ಪೂರಾ ಹೋಗ್ತದೆ ಅಂತ ಮಂಗಳೂರಿನ ಡಾಕ್ಟ್ರು ಹೇಳಿದ್ದಾರೆ. ನೋಟೀಸು ಬಂದ ದಿನವೇ ಹೆಸರು ವಾಪಸು ತೆಗೀಲಿಕ್ಕೆ ಕಾಗದ ಬರೆದಿಟ್ಟಿದ್ದೆ. ನಿಮ್ಮ ಮನವಿ ನೋಡಿ ಹರಿದು ಹಾಕಿದ್ದು. ನನ್ನ ಮೊಣಕಾಲಿನ ವಿಷಯ ನಿಮಗೆ ಹೇಗೋ ತಿಳಿದು ನನಗೋಸ್ಕರ ಬರೆದದ್ದು ಅಂತ ಆಗಲೇ ಗೊತ್ತಾಯ್ತು.”

ಪೆನ್ನು ಹಿಡಿಯದೆ ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಅಂಗಿ ನನ್ನದಾಗುತ್ತಿತ್ತು. ಒಂದು ಚೆಂಡನ್ನೂ ಹೊಡೆಯಬೇಕಾಗಿರಲಿಲ್ಲ. ಸುತ್ತ ನಿಂತವರು ಕೇಳಿಸಿಕೊಂಡು ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿ ಎದ್ದು ನಿಂತು ನನಗೆ ಕೈ ಮುಗಿದರು.

“ಹೌದಲ್ವಾ ಟೀಚರೇ?” ಎಂದು ಅವಳು ಮತ್ತೆ ಕೇಳಿದಳು.

ಹೌದೆಂದೆ. ಅಂಗಿ ಹೇಗೂ ಅವಳ ಪಾಲಾಗಿತ್ತು, ಒಳ್ಳೆಯವಳೆಂಬ ಹೆಸರನ್ನೂ ಅವಳಿಗೇ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.