ಪ್ರೇಮಲತಾ ಟೀಚರ ಇಂಬಳದ ಪಾಠ

ನನ್ನ ಮಗಳಿಗೆ ಏನೂ ಗೊತ್ತಿಲ್ಲ. ಒಗ್ಗರಣೆಗೆ ಸಾಸಿವೆ ಹಾಕುವಾಗ, ಒಲೆಯ ಮೇಲಿನ ಹಗ್ಗದಲ್ಲಿ ಅವಳ ಯೂನಿಫಾರಂ ಒಣಗಿತೇ ಎಂದು ಮುಟ್ಟಿ ನೋಡುವಾಗ, ಆ ಮಳೆಗಾಲವಿಡೀ ಈ ಒಂದು ಮಾತು ನನ್ನ ತಲೆಯನ್ನು ಕೊರೆಯುತ್ತಿತ್ತು. ಮೈಸೂರಿನಲ್ಲಿರುವ ನನ್ನ ಅಣ್ಣನ ಮಗಳೂ ನಾಲ್ಕನೆಯ ತರಗತಿ. ಗಿಡಗಳು ಆಹಾರ ತಯಾರಿಸುವುದು ಹೇಗೆಂದು ವಿಡಿಯೋ ಕಾಲ್‌ನಲ್ಲಿ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಒಪ್ಪಿಸುತ್ತಾಳೆ. ನಮ್ಮ ಪ್ರೇರಣಾಳನ್ನು ಅದೇ ಪ್ರಶ್ನೆ ಕೇಳಿದರೆ ಜಡೆಯ ತುದಿ ಕಚ್ಚಿಕೊಂಡು ಯೋಚಿಸಿ, "ಗೊತ್ತಿಲ್ಲಮ್ಮ. ನೋಡ್ಬೇಕು" ಅನ್ನುತ್ತಾಳೆ.

ಏನು ನೋಡುವುದು? ಪುಸ್ತಕದಲ್ಲಿ ಬರೆದಿದೆಯಲ್ಲ!

ಅವಳನ್ನು ಸಂಸೆ ಹತ್ತಿರದ ಈ ಸರ್ಕಾರಿ ಶಾಲೆಗೆ ಹಾಕಿದ್ದು ಒಂದು ವರ್ಷದ ಮಟ್ಟಿಗೆ. ಹಿಂದಿನ ಮಳೆಗಾಲದಲ್ಲಿ ರಸ್ತೆ ಕುಸಿದು ಕಳಸದ ಸ್ಕೂಲ್ ವ್ಯಾನು ನಮ್ಮ ಕಡೆಗೆ ಬರುವುದು ನಿಂತಿತ್ತು. ಈಗ ಚಿಕ್ಕಮಗಳೂರಿನ ಒಂದು ಇಂಗ್ಲಿಷ್ ಶಾಲೆಯಲ್ಲಿ ಸೀಟು ಖಾಲಿಯಾಗಿತ್ತು. ದಸರಾ ರಜೆ ಮುಗಿದ ಮೇಲೆ ಸೇರಿಸಬಹುದು, ಶುಕ್ರವಾರದೊಳಗೆ ಫೋನ್ ಮಾಡಿ ಹೇಳಿ ಎಂದಿದ್ದರು. ಇಲ್ಲಿನ ಎಷ್ಟೋ ತಾಯಂದಿರು ಮಾಡಿದ ಹಾಗೆ ನಾನೂ ಪೇಟೆಯಲ್ಲಿ ಒಂದು ಬಾಡಿಗೆ ಮನೆ ಹಿಡಿದು ಮಗಳ ಜೊತೆ ಇರುವುದು, ಗಂಡ ಅಜಿತ್ ತೋಟ ನೋಡಿಕೊಂಡು ಶನಿವಾರ ಬಂದು ಹೋಗುವುದು ಎಂದು ಮಾತಾಗಿತ್ತು. ಆದರೂ ಫೋನ್ ಮಾಡಲು ಕೈ ಬರುತ್ತಿರಲಿಲ್ಲ. ಒಂಬತ್ತು ವರ್ಷದ ಮಗುವಿನ ಮುಂದಿನ ದಾರಿ ನನ್ನ ಒಂದು ಫೋನಿನಲ್ಲಿ ಇದೆ ಅನ್ನಿಸುತ್ತಿತ್ತು.

ಹೀಗಿರುವಾಗ ಅವಳ ಬ್ಯಾಗಿನಿಂದ ಉಪ್ಪಿನಕಾಯಿ ಬಾಟಲಿಯೊಂದು ಹೊರಬಿತ್ತು. ಒಳಗೆ ಒದ್ದೆ ಪಾಚಿ, ಪಾಚಿಯ ಮೇಲೆ ದಾರದ ಎಳೆಯಂಥ ಕಪ್ಪು ಜೀವ ತುದಿಯ ಮೇಲೆ ನಿಂತು ಓಲಾಡುತ್ತಿತ್ತು. ನಾನು ಕಿರುಚಿದೆ.

"ಇಂಬಳ ಅಮ್ಮ, ಮುಚ್ಚಳ ತೆಗೀಬೇಡ! ಟೀಚರ್ ತರೋಕೆ ಹೇಳಿದಾರೆ."

ಈ ಕಡೆ ಜಿಗಣೆಗೆ ಇಂಬಳ ಅನ್ನುತ್ತಾರೆ. ಮದುವೆಯಾಗಿ ಬಂದ ಹನ್ನೊಂದು ವರ್ಷಗಳಲ್ಲಿ ನನಗೆ ಇನ್ನೂ ಒಗ್ಗದ ಪ್ರಾಣಿ ಅದು.

"ಎಂತಕ್ಕಂತೆ?" ಎಂದು ಅತ್ತೆ ಸರಸ್ವತಮ್ಮ ಒಳಗಿನಿಂದ ಬಂದರು.

"ಅದು ಎಲ್ಲಿಂದ ಬರುತ್ತೆ, ನಾವು ಬಂದಿದ್ದು ಅದಕ್ಕೆ ಹೇಗೆ ಗೊತ್ತಾಗುತ್ತೆ, ಅದನ್ನ ನೋಡ್ಬೇಕು ಅಜ್ಜಿ."

"ನೋಡೋದೆಂತ ಮಾರಾಯ್ತಿ? ಮರದಿಂದ ಬೀಳುತ್ತೆ. ನನ್ನ ಕುತ್ತಿಗೆ ಮೇಲೇ ಬಿದ್ದಿದೆ ಎಷ್ಟೋ ಸಲ."

"ಬೀಳೋದನ್ನ ನೋಡಿದೀರಾ?"

ಅತ್ತೆ ಅವಳನ್ನೇ ದುರುಗುಟ್ಟಿ ನೋಡಿದರು. "ಕುತ್ತಿಗೆ ಹಿಂದೆ ನಂಗೆ ಕಣ್ಣಿದ್ಯಾ?"

ಅವತ್ತೇ ತೀರ್ಮಾನಿಸಿದೆ. ಮರುದಿನ ಟಿ.ಸಿ. ಕೇಳಲು ಶಾಲೆಗೆ ಹೋದೆ.

ಪ್ರೇಮಲತಾ ಟೀಚರನ್ನು ನಾನು ಅಲ್ಲಿಯವರೆಗೆ ದೂರದಿಂದ ನೋಡಿದ್ದೆ ಅಷ್ಟೆ. ಐವತ್ತರ ಹತ್ತಿರದ ಸಣಕಲು ಹೆಂಗಸು. ಕಳಸದಿಂದ ಬಸ್ಸಿನಲ್ಲಿ ಬಂದು, ಕ್ರಾಸಿನಲ್ಲಿ ಇಳಿದು, ಸೀರೆಯನ್ನು ಎತ್ತಿ ಸಿಕ್ಕಿಸಿ ಗಂಬೂಟು ಹಾಕಿಕೊಂಡು ಏರು ಹತ್ತುತ್ತಾರೆ. ಬಸ್ಸು ಕೈಕೊಟ್ಟರೆ ಹಾಲಿನ ಜೀಪು, ಅದೂ ಇಲ್ಲದಿದ್ದರೆ ನಡಿಗೆ. ರಜೆ ಹಾಕುವುದಿಲ್ಲ. ಹೆಡ್‌ಮಿಸ್ಸೂ ಅವರೇ.

ಕೋಣೆಯ ನಡುವೆ ಅಡಿಕೆ ಹಾಳೆಯ ತಟ್ಟೆಯಲ್ಲಿ ಒಂದು ಇಂಬಳ. ಸುತ್ತ ಮಕ್ಕಳು. ನಾನು ಬಾಗಿಲಲ್ಲಿ ನಿಂತಿದ್ದು ಯಾರಿಗೂ ಬೇಕಾಗಿರಲಿಲ್ಲ.

"ಅದಕ್ಕೆ ಕಿವಿ ಇದೆ ಟೀಚರ್. ನಾವು ಬಂದಿದ್ದು ಕೇಳುತ್ತೆ" ಅಂದಳು ಕೃತಿಕಾ ಎಂಬ ಹುಡುಗಿ.

"ಎಲ್ಲಿದೆ ತೋರ್ಸು. ನಿನ್ನ ಓಲೆ ತೆಗೆದು ಅದಕ್ಕೆ ಹಾಕಣ" ಎಂದ ಪಕ್ಕದ ತನ್ಮಯ್.

"ಜಗಳ ಆಮೇಲೆ" ಅಂದರು ಟೀಚರ್. "ಕಿವಿ ಇದ್ರೆ ಎಂತ ಆಗ್ಬೇಕು? ಮೊದಲು ಅದನ್ನ ಹೇಳಿ."

"ಕೂಗಿದ್ರೆ ಅಲ್ಲಾಡ್ಬೇಕು."

ಎಲ್ಲರೂ ಸೇರಿ ಹೆಂಚು ಹಾರುವಂತೆ ಕೂಗಿದರು. ಇಂಬಳ ಮಲಗಿಯೇ ಇತ್ತು. ಸೋತ ಕೃತಿಕಾ ಸಿಟ್ಟಿನಿಂದ ನೆಲಕ್ಕೆ ಕಾಲು ಅಪ್ಪಳಿಸಿದಳು. ಇಂಬಳ ತಟ್ಟನೆ ತಲೆಯೆತ್ತಿತು. ಎಲ್ಲರೂ ತಟ್ಟೆಯ ಮೇಲೆ ಬಗ್ಗಿದರು.

"ಕೂಗಿದ್ದು ಗೊತ್ತಾಗ್ಲಿಲ್ಲ, ಕುಟ್ಟಿದ್ದು ಗೊತ್ತಾಯ್ತು" ಎಂದಿತು ಯಾವುದೋ ಸಣ್ಣ ಧ್ವನಿ. ಟೀಚರ್ "ಹೌದು" ಅನ್ನಲಿಲ್ಲ, "ಅಲ್ಲ" ಎಂದೂ ಅನ್ನಲಿಲ್ಲ. "ಇನ್ನೊಂದು ಸಲ ಮಾಡಿ ನೋಡಿ" ಅಂದರು.

ಆಮೇಲೆ ಪಪ್ಪಾಯಿ ಎಲೆಯ ಟೊಳ್ಳು ದಂಟಿನಿಂದ ತನ್ಮಯ್ ಅದರ ಮೇಲೆ ಮೆಲ್ಲಗೆ ಉಸಿರು ಬಿಟ್ಟ. ಇಂಬಳ ಎದ್ದು ನಿಂತು, ದಂಟಿನ ಬಾಯಿಯ ಕಡೆಗೆ ಬಾಗಿ, ಹುಡುಕುತ್ತಾ ತೂಗಾಡಿತು. ಯಾಕೆ, ಯಾಕೆ ಎಂದು ಗದ್ದಲ. ನನಗೆ ತಡೆಯಲಾಗಲಿಲ್ಲ. ಬಾಟಲಿ ಸಿಕ್ಕ ದಿನವೇ ಮೊಬೈಲಿನಲ್ಲಿ ಹುಡುಕಿ ಓದಿದ್ದೆನಲ್ಲ.

"ಕಾರ್ಬನ್ ಡೈ ಆಕ್ಸೈಡ್!" ಎಂದುಬಿಟ್ಟೆ.

ಪ್ರೇರಣಾ ನನ್ನನ್ನು ನೋಡಿದ ನೋಟ, ನಾನು ಅವಳ ಕೈಯಿಂದ ತಿಂಡಿ ಕಸಿದುಕೊಂಡೆನೇನೋ ಎಂಬಂತಿತ್ತು. ಟೀಚರ್ ಮಾತ್ರ ನಕ್ಕರು. "ಬನ್ನಿ ಪ್ರೇರಣಾ ಅಮ್ಮ. ಇವರು ಉಸಿರಲ್ಲಿರೋ ಒಂದು ಗಾಳಿ ಹೆಸರು ಹೇಳಿದ್ರು. ಸರಿ. ಅದಕ್ಕೇ ಇಂಬಳ ಎದ್ದಿದ್ದು ಹೌದೋ ಅಲ್ವೋ, ಹೇಗೆ ನೋಡೋದು?"

ಹೇಗೆ ನೋಡುವುದು? ನನಗೆ ಗೊತ್ತಿರಲಿಲ್ಲ.

"ಸೈಕಲ್ ಪಂಪು" ಅಂದಳು ನನ್ನ ಮಗಳು. "ಅದ್ರಲ್ಲೂ ಗಾಳಿ ಬರುತ್ತೆ, ಉಸಿರು ಬರಲ್ಲ."

ಪಂಪು ಬಂತು. ಮೆಲ್ಲಗೆ ಒತ್ತಿದಾಗ ಇಂಬಳ ಒಮ್ಮೆ ಅಲುಗಿ ಮತ್ತೆ ಮಲಗಿತು. ಉಸಿರು ಬಿಟ್ಟರೆ ಎದ್ದಿತು. ಮಕ್ಕಳು ಕುಣಿದಾಡಿದರು. ಅಷ್ಟರಲ್ಲಿ ಕೃತಿಕಾ, "ಉಸಿರು ಬಿಸಿನೂ ಇರುತ್ತಲ್ಲ ಟೀಚರ್, ಬಿಸಿಗೆ ಎದ್ದಿರ್ಬಹುದು" ಅಂದಳು. ಗೆದ್ದೆವು ಎಂದುಕೊಂಡವರ ಮುಖ ಸಪ್ಪಗಾಯಿತು. ಟೀಚರ ಮುಖ ಮಾತ್ರ ಆ ಹೊತ್ತಿಗೆ ಬೆಳಗಿದ್ದನ್ನು ನಾನು ನೋಡಿದೆ.

ಊಟದ ಗಂಟೆ ಹೊಡೆಯಿತು. ಮಕ್ಕಳು ಕೈ ತೊಳೆಯಲು ಓಡಿದರು. ತನ್ಮಯ್ ಇಂಬಳವನ್ನು ತೋಡಿನ ಬದಿಗೆ, ಎಲ್ಲಿಂದ ತಂದಿದ್ದನೋ ಅಲ್ಲಿಗೇ ಬಿಡಲು ಹೊರಟ. ಅದು ಇಲ್ಲಿನ ನಿಯಮವಂತೆ. ನಾನು ಜಗಲಿಯಲ್ಲಿ ಟಿ.ಸಿ. ಮಾತೆತ್ತಿದೆ.

"ಅರ್ಜಿ ಬರೆದು ಕೊಡಿ, ಕೊಡ್ತೀನಿ" ಅಂದರು ಟೀಚರ್. ಒಂದು ಮಾತು ಹೆಚ್ಚಿಲ್ಲ.

ಅವರು ತಡೆದಿದ್ದರೆ ಜಗಳ ಸುಲಭವಾಗುತ್ತಿತ್ತು. "ಒಂದು ಇಂಬಳಕ್ಕೆ ಇಷ್ಟು ಹೊತ್ತು ಹಿಡಿದ್ರೆ ಪಾಠ ಮುಗಿಯೋದು ಯಾವಾಗ ಟೀಚರ್?" ಎಂದು ನಾನೇ ಕೆದಕಿದೆ.

"ಮುಗಿಸ್ತೀನಿ. ಪುಸ್ತಕದ ಒಂದು ಪಾಠನೂ ಬಿಡಲ್ಲ. ಕೆಲವು ಓದಿಸ್ತೀನಿ, ಕೆಲವು ಹೇಳ್ತೀನಿ. ಸೂರ್ಯನ್ನ ಬಾಟ್ಲಿಗೆ ಹಾಕಿ ತನ್ನಿ ಅನ್ನೋಕಾಗುತ್ತಾ? ಆದ್ರೆ ಮಕ್ಕಳ ಕೈಗೆ ಸಿಗೋದನ್ನ ನಾನು ಬಾಯಲ್ಲಿ ಹೇಳೋದಿಲ್ಲ."

ಆಮೇಲೆ ಅವರಾಗಿಯೇ ಹೇಳಿದರು. ಅವರ ತಂದೆ ಕುದುರೆಮುಖದ ಕಾಲೊನಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಸಂಜೆ ಮನೆಯಲ್ಲಿ ಕೂತು ಮಿಕ್ಸಿ, ಮೋಟಾರು ರಿಪೇರಿ ಮಾಡುತ್ತಿದ್ದರು. ಮಗಳು ಪಕ್ಕದಲ್ಲಿ ಕೂತರೆ ಏನು ಕೆಟ್ಟಿದೆ ಎಂದು ಹೇಳುತ್ತಿರಲಿಲ್ಲ, ಟೆಸ್ಟರ್ ಕೊಟ್ಟು "ಕರೆಂಟು ಎಲ್ಲಿತನಕ ಬಂದಿದೆ ನೋಡು" ಅನ್ನುತ್ತಿದ್ದರು. ಆದರೂ ಟೀಚರಾದಾಗ ಆಕೆ ಎಲ್ಲರಂತೆ ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದವರೇ. ಮೊದಲ ವರ್ಷ, ಇಂಬಳ ಮರದಿಂದ ಉದುರುತ್ತದೆ ಎಂದು ತಾನು ಚಿಕ್ಕಂದಿನಿಂದ ಕೇಳಿದ್ದನ್ನೇ ಪಾಠವಾಗಿ ಹೇಳಿದಾಗ, ಹಿಂದಿನ ಸಾಲಿನ ಹುಡುಗಿಯೊಬ್ಬಳು "ನೀವು ನೋಡಿದೀರಾ ಟೀಚರ್?" ಎಂದು ಕೇಳಿದಳಂತೆ.

"ನೋಡಿರ್ಲಿಲ್ಲ. ಬೆತ್ತ ತಗೊಂಡು ಕೂರಿಸಿಬಿಡ್ಬಹುದಿತ್ತು. ಆದ್ರೆ ನಮ್ಮಪ್ಪ ಕೇಳಿದ ಹಾಗೇ ಕೇಳಿದ್ಲಲ್ಲ ಅವ್ಳು! ಅವತ್ತಿಂದ ಪ್ರತಿ ಮಳೆಗಾಲ ಇಂಬಳದ ಪಾಠ. ಪ್ರತಿ ಸಲ ಮಕ್ಕಳು ಬೇರೆ ದಾರಿ ಹುಡುಕ್ತಾರೆ. ಪಂಪು ಇದೇ ಮೊದಲು."

"ಯಾರೂ ಏನೂ ಅನ್ಲಿಲ್ವಾ?"

"ಅನ್ನದೆ? ಮಕ್ಕಳಿಗೆ ಹುಳ ಹಿಡಿಯೋಕೆ ಕಲಿಸ್ತಾಳೆ ಅಂದ್ರು. ಸಾಕಾಗಿ ಒಂದು ತಿಂಗಳು ಬರೀ ನೋಟ್ಸ್ ಬರೆಸಿದೆ. ಶಾಲೆ ತಣ್ಣಗಾಯ್ತು, ಎಲ್ರಿಗೂ ಖುಷಿ. ನಂಗೆ ಮಾತ್ರ ಆ ಮೌನ ತಡ್ಕೊಳಕ್ಕಾಗ್ಲಿಲ್ಲ. ಮತ್ತೆ ಬಾಟ್ಲಿ ತನ್ನಿ ಅಂದೆ."

ನನ್ನ ಒಳಗಿನ ಭಯವನ್ನು ಕೊನೆಗೆ ಕೇಳಿಯೇ ಬಿಟ್ಟೆ. "ಮುಂದೆ ಪರೀಕ್ಷೆಯಲ್ಲಿ 'ಗೊತ್ತಿಲ್ಲ, ನೋಡ್ಬೇಕು' ಅಂತ ಬರೆದ್ರೆ?"

ಟೀಚರ್ ನಗಲಿಲ್ಲ. "ಒಬ್ಬ ಹಾಗೇ ಮಾಡಿದ. ಒಳ್ಳೇ ಹುಡುಗ. ವಸತಿ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ತಾನು ನೋಡದೇ ಇದ್ದಿದ್ದನ್ನೆಲ್ಲ ಖಾಲಿ ಬಿಟ್ಟು ಬಂದ. ಸೀಟು ಸಿಗ್ಲಿಲ್ಲ. ಅವನ ಅಮ್ಮ ಈಗ್ಲೂ ನನ್ನ ಹತ್ರ ಮಾತಾಡಲ್ಲ. ತಪ್ಪು ನಂದೇ, ನೋಡಿದ್ದನ್ನ ಬರೆಯೋದನ್ನೂ ಕಲಿಸ್ಬೇಕಿತ್ತು. ಈಗ ಪ್ರತಿ ಶನಿವಾರ ಅದನ್ನೇ ಮಾಡಿಸ್ತೀನಿ. ಆದ್ರೆ ಬಾಟ್ಲಿ ಮಾತ್ರ ಬಿಡೋದಿಲ್ಲ, ಪ್ರೇರಣಾ ಅಮ್ಮ."

ಸಮಾಧಾನ ಹೇಳಿದ್ದರೆ ನಂಬುತ್ತಿರಲಿಲ್ಲವೇನೋ. ಅರ್ಜಿ ಬರೆಯದೆ ಮನೆಗೆ ಬಂದೆ. ಚಿಂತೆಯೂ ಜೊತೆಯಲ್ಲೇ ಬಂತು.

"ನಮ್ಮ ಹುಡುಗಿ ಬಿಟ್ರೆ ಆ ಶಾಲೆಗೆ ಕಷ್ಟ. ಮಕ್ಕಳು ಇನ್ನೂ ಕಡಿಮೆಯಾದ್ರೆ ಅದನ್ನ ಮುಚ್ಚಿ ಪಕ್ಕದೂರಿನ ಶಾಲೆಗೆ ಸೇರಿಸ್ತಾರಂತೆ. ಟೀಚರ್ ಹೇಳ್ಲಿಲ್ವಾ?" ಎಂದ ಅಜಿತ್.

ಹೇಳಿರಲಿಲ್ಲ. ನನ್ನ ಕೈ ಹಿಡಿದು ಕಟ್ಟಿಹಾಕಬಹುದಾಗಿದ್ದ ಆ ಒಂದು ಮಾತನ್ನು ಅವರು ಆಡಿರಲೇ ಇಲ್ಲ.

ಅದೇ ಸಂಜೆ ಅಂಗಳದಲ್ಲಿ ಇನ್ನೊಂದು ಪಾಠ. ಮಾವಿನ ಮರದಡಿ ದೊಡ್ಡ ಪ್ಲಾಸ್ಟಿಕ್ ಬಾನಿ ಇಟ್ಟು, ಅದರ ಅಂಚಿಗೆ ಸುತ್ತಲೂ ಸುಣ್ಣ ಬಳಿದು, ಪ್ರೇರಣಾ ತನ್ನ ಅಜ್ಜಿಯನ್ನು ಒಳಗೆ ನಿಲ್ಲಿಸಿದ್ದಳು. ಕೆಳಗಿನಿಂದ ಇಂಬಳ ಹತ್ತುವ ಹಾಗಿಲ್ಲ. ಅಜ್ಜಿಯ ಕೈಯಲ್ಲಿ ಬಿಡಿಸಿದ ಕೊಡೆ, ಕೊಡೆಯ ಮೇಲೆ ಅಜಿತನ ಬಿಳಿ ಪಂಚೆ. ಮೇಲಿನಿಂದ ಬಿದ್ದರೆ ಕಪ್ಪಗೆ ಕಾಣಲೇಬೇಕು.

"ಎಷ್ಟು ಹೊತ್ತು ಮಾರಾಯ್ತಿ? ಕಾಫಿ ಆರೋಯ್ತು."

"ಇನ್ನೊಂಚೂರು ಅಜ್ಜಿ."

ಪಂಚೆಯ ಮೇಲೆ ಎರಡು ಎಲೆ ಬಿದ್ದವು, ಇಂಬಳ ಬೀಳಲಿಲ್ಲ. ಆದರೆ ಕೆಳಗೆ, ತರಗೆಲೆಯ ನಡುವಿನಿಂದ ಅವು ಒಂದೊಂದೇ ಬಾಗುತ್ತಾ ಏಳುತ್ತಾ ಬಾನಿಯ ಕಡೆಗೆ ಬರುತ್ತಿದ್ದವು. ಅತ್ತೆ ಬಗ್ಗಿ ನೋಡಿದರು. "ಇವತ್ತು ಬೀಳ್ಲಿಲ್ಲ, ಅಷ್ಟೆ" ಅಂದರು.

"ಹೌದಜ್ಜಿ. ನಾಳೆನೂ ನಿಂತು ನೋಡ್ಬೇಕು."

"ನನ್ನ ಸೊಂಟನ ಯಾರು ನೋಡ್ತಾರೆ?" ಎಂದು ಗೊಣಗುತ್ತಲೇ, ಬಾನಿಯನ್ನು ಒಳಗಿಡಬೇಡ ಎಂದು ನನಗೆ ಹೇಳಿದರು.

ನಾನು ಪ್ರೇರಣಾಳನ್ನು ಕೇಳಿದೆ, "ಉಸಿರಿನ ಕಥೆ ಎಂತಾಯ್ತು?"

"ಬಿಸಿಗಾ, ಒದ್ದೆಗಾ, ನೀನು ಹೇಳಿದ ಗಾಳಿಗಾ, ಮೂರನ್ನೂ ಬೇರೆ ಬೇರೆ ಮಾಡ್ಬೇಕು. ಬಿಸಿ ನೀರಿನ ಬಾಟ್ಲಿ ಹಿಡಿದ್ರೆ ಬಿಸಿ ಗೊತ್ತಾಗುತ್ತೆ. ನಿನ್ನ ಗಾಳಿ ಮಾತ್ರ ಹೇಗೆ ತರೋದು ಅಂತ ಗೊತ್ತಾಗ್ತಿಲ್ಲ."

ಏನೂ ಗೊತ್ತಿಲ್ಲದ ಮಗಳು! ತನಗೆ ಏನು ಗೊತ್ತಿಲ್ಲ ಎಂಬುದು ಇವಳಿಗೆ ಎಷ್ಟು ಸರಿಯಾಗಿ ಗೊತ್ತಿದೆ ಎಂದು ನೋಡುತ್ತಾ ನಿಂತೆ. ಆಗ ನನ್ನ ಹೈಸ್ಕೂಲಿನ ನೋಟ್ಸಿನ ಒಂದು ಸಾಲು ತಲೆಗೆ ಬಂತು. ಅಡುಗೆ ಸೋಡಾಕ್ಕೆ ಹುಳಿ ಬೆರೆಸಿದರೆ ಅದೇ ಗಾಳಿ ಹೊರಡುತ್ತದೆ. ತಣ್ಣಗೆ! ನಾನು ಬರೆದು ಅಂಕ ಪಡೆದಿದ್ದೆ, ಒಮ್ಮೆಯೂ ಮಾಡಿ ನೋಡಿರಲಿಲ್ಲ. ಮಗಳಿಗೆ ಹೇಳಿಬಿಡಲು ಬಾಯಿ ತೆರೆದವಳು ತಡೆದುಕೊಂಡೆ. ಸೋಡಾ ಡಬ್ಬಿ, ಒಂದು ನಿಂಬೆಹಣ್ಣು ತಂದು ಅವಳ ಮುಂದಿಟ್ಟು, "ಇವೆರಡನ್ನ ಸೇರಿಸಿದ್ರೆ ಎಂತಾಗುತ್ತೆ ನೋಡು" ಅಂದೆ ಅಷ್ಟೆ. ನೊರೆ ಬುಸುಬುಸು ಉಕ್ಕಿದ್ದೇ ಅವಳ ಕಣ್ಣು ಅಗಲವಾಯಿತು. ಗುಳ್ಳೆಯೊಳಗೆ ಇರುವುದು ಎಂತ ಗಾಳಿ ಎಂದು ಕೇಳುವುದಕ್ಕೆ ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಶುಕ್ರವಾರ ಬೆಳಗ್ಗೆ ಅವಳು ಸೋಡಾ, ನಿಂಬೆಹಣ್ಣು ಹಿಡಿದು ಶಾಲೆಗೆ ಓಡಿದ ಮೇಲೆ, ನಾನು ಕಾಫಿ ಹಣ್ಣು ಸುಲಿಯುವ ಪಲ್ಪರ್ ಶೆಡ್ಡಿನ ಮೇಲಿನ ತಿರುವಿಗೆ ಹತ್ತಿದೆ. ಮನೆಯಲ್ಲಿ ವೈಫೈ ಇದ್ದರೂ ಫೋನ್ ಮಾಡಲು ಸಿಗ್ನಲ್ ಸಿಗುವುದು ಅಲ್ಲೇ. ಚಿಕ್ಕಮಗಳೂರಿನ ಶಾಲೆಯ ನಂಬರು ಒತ್ತಿದೆ.

"ಪ್ರೇರಣಾ ಅಜಿತ್ ಅಂತ ಒಂದು ಸೀಟು ಇಟ್ಟಿದ್ರಲ್ಲ, ಅದು ನಮಗೆ ಬೇಡ. ಬೇರೆಯವರಿಗೆ ಕೊಡಿ."

"ಯಾಕೆ ಮೇಡಂ?" ಆ ಕಡೆಯ ಹೆಣ್ಣುಧ್ವನಿಗೆ ಆಶ್ಚರ್ಯ. "ಬೇರೆ ಕಡೆ ಸೇರಿಸಿದ್ರಾ?"

"ಇಲ್ಲ, ಇರೋ ಶಾಲೆಯಲ್ಲೇ ಓದ್ತಾಳೆ. ಅಲ್ಲಿ ಒಳ್ಳೇ ಟೀಚರ್ ಇದಾರೆ."

ಮಾತಾಡುತ್ತಾ ನಿಂತಲ್ಲೇ ನಿಂತಿದ್ದೆ. ಹುಲ್ಲಿನ ನಡುವೆ ಒಂದು ಇಂಬಳ ತಲೆಯೆತ್ತಿ, ನನ್ನ ಬೂಟಿನ ಕಡೆಗೆ ಬಾಗಿತು. ನಾನು ಕಿರುಚಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಅದು ಎತ್ತ ತಿರುಗುತ್ತದೆ ಎಂದು ನೋಡಿದೆ.

"ಹಾಗಾದ್ರೆ ಮುಂದಿನ ವರ್ಷಕ್ಕೆ ಹೆಸರು ಇಟ್ಕೊಳ್ಲಾ ಮೇಡಂ?"

"ಗೊತ್ತಿಲ್ಲ" ಎಂದೆ. "ನೋಡ್ಬೇಕು."