ಬಚ್ಚಲುಮನೆಯ ಬೂಷ್ಟು

ಎಂಬತ್ತರ ದಶಕದ ಮೊದಲ ವರ್ಷಗಳು. ತಿಪಟೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದೆ, ಮನೆ ಹೊನ್ನವಳ್ಳಿಯಲ್ಲಿ. ನಮ್ಮ ತೆಂಗಿನ ತೋಟದ ತಿಪ್ಪೆಯಲ್ಲಿ ಗೊಣ್ಣೆ ಹುಳುಗಳು ಬಿಳಿ ಬೂಷ್ಟು ಹಿಡಿದು, ಕಲ್ಲಿನಂತೆ ಗಟ್ಟಿಯಾಗಿ ಸತ್ತಿರುತ್ತಿದ್ದವು. ಹುಳು ಕೊಲ್ಲುವ ಬೂಷ್ಟುಗಳನ್ನು ಪುಸ್ತಕದಲ್ಲಿ ಓದಿದ್ದೆ. ಇದು ಅವುಗಳಲ್ಲಿ ಯಾವುದೂ ಅಲ್ಲ, ಇನ್ನೂ ಯಾರೂ ಹೆಸರಿಡದ ಜಾತಿ ಎಂದು ನನ್ನ ಹಟ. ಬೆಂಗಳೂರಿನ ಪ್ರೊಫೆಸರರೊಬ್ಬರಿಗೆ ಒಂದೆರಡನ್ನು ಕಳಿಸಿದೆ. ಅವರು ಎರಡೇ ಸಾಲು ಬರೆದರು: "ಹಳೆಯ ಜಾತಿಯೇ ಇರಬೇಕು. ಜಾತಿ ಗುರುತಿಸಲು ಸತ್ತ ಹುಳುವಿನಿಂದ ಬೂಷ್ಟಿನ ಕಾಂಡ ಏಳಬೇಕು; ಅದನ್ನು ತೋರಿಸಿದರೆ ನಂಬುತ್ತೇನೆ." ಓದಿ ಮೈಯೆಲ್ಲ ಉರಿದುಹೋಯಿತು.

ಆದರೆ ಕಾಂಡ ಏಳಲೇ ಇಲ್ಲ. ತಪ್ಪು ನನ್ನದೇ. ಕೊಬ್ಬರಿ ಸೀಮೆಯ ಸೊಸೆ ನಾನು. ಕೆಡಬಾರದ್ದು ಏನಿದ್ದರೂ ಅಟ್ಟಕ್ಕೇರಿಸಿ ಗೊತ್ತು. ಒಂದು ಮಳೆಗಾಲವಿಡೀ ತಿಪ್ಪೆಯಿಂದ ಹೆಕ್ಕಿದ ಹುಳುಗಳನ್ನು ಅಟ್ಟದ ಕಾಯಿಗಳ ಪಕ್ಕದಲ್ಲಿಟ್ಟು, ಕೆಳಗಿನ ಒಲೆಯ ಹೊಗೆಯಲ್ಲಿ ಚೆನ್ನಾಗಿ ಒಣಗಿಸಿದ್ದೆ. ಕೊಬ್ಬರಿಯನ್ನು ಕಾಯುವ ಹೊಗೆ ಬೂಷ್ಟಿಗೆ ಯಮನೆಂದು ಬಿ.ಎಸ್ಸಿ.ಯವರಿಗೆ ಪಾಠ ಮಾಡುವ ನನಗೆ ಹೊಳೆಯಲಿಲ್ಲ.

ಮುಂದಿನ ಮಳೆಗಾಲ ಹೊಸ ಹುಳುಗಳನ್ನು ತಂದೆ. ತೆಂಗಿನ ಚಿಪ್ಪುಗಳಿಗೆ ಒದ್ದೆ ನಾರಿನ ಪುಡಿ ತುಂಬಿ, ಅದರಲ್ಲಿ ಹುಳುಗಳನ್ನು ಮಲಗಿಸಿ, ಸದಾ ತೇವವಿರುವ ಬಚ್ಚಲುಮನೆಯಲ್ಲಿ ಒಲೆಯಿಂದ ದೂರದ ಮೂಲೆಗೆ ಇಟ್ಟೆ. ಅತ್ತೆ ರೇಗಿದರು.

"ಮೈ ತೊಳ್ಕಳೋ ಜಾಗ್ದಲ್ಲಿ ಸತ್ತ ಹುಳ ಮಡಗಿದ್ದೀಯಲ್ಲೇ, ಮೈಮೇಲೆ ಗ್ಯಾನ ಐತಾ ನಿಂಗೆ? ತಿಪ್ಪೆಗೆ ಬಿಸಾಕ್ತೀನಿ ನೋಡು."

"ಆಯುಧಪೂಜೆವರ್ಗೂ ತಡ್ಕಳಿ ಅತ್ತೆ. ಏನೂ ಬರ್ದಿದ್ರೆ ನಾನೇ ಬಿಸಾಕ್ತೀನಿ," ಎಂದು ಕೈ ಮುಗಿದೆ.

ಹಬ್ಬಕ್ಕೆ ಇನ್ನು ನಾಲ್ಕು ದಿನ. ಬೆಳಿಗ್ಗೆ ಒಲೆ ಹಚ್ಚಲು ಹೋದ ಅತ್ತೆ ಕೂಗಿಕೊಂಡರು: "ಬಾರೇ ಬೇಗ, ಹುಳದ್ ತಲೆ ಮ್ಯಾಲೆ ಕಡ್ಡಿ ಎದ್ದೈತೆ ಕಣೇ!"

ಹಲ್ಲುಜ್ಜುತ್ತಿದ್ದವಳು ಹಾಗೇ ಓಡಿದೆ. ಬೆಂಕಿಕಡ್ಡಿಯಷ್ಟು ಉದ್ದದ, ಅರಿಶಿನ ಬಣ್ಣದ ಮೂರು ಕಾಂಡಗಳು! ಅತ್ತೆಯ ಎರಡೂ ಕೈ ಹಿಡಿದು ಬಚ್ಚಲಲ್ಲೇ ಕುಣಿದುಬಿಟ್ಟೆ. ಅವರೂ ಬಿಡಿಸಿಕೊಳ್ಳಲಿಲ್ಲ.

ಚಿಪ್ಪನ್ನು ಮಡಿಲಲ್ಲಿಟ್ಟುಕೊಂಡು ಬೆಂಗಳೂರಿನ ರೈಲು ಹತ್ತಿದೆ. ಪ್ರೊಫೆಸರರು ನನ್ನನ್ನು ಮೇಜಿನ ಎದುರು ನಿಲ್ಲಿಸಿಕೊಂಡೇ ಕೆಲಸ ಶುರು ಮಾಡಿದರು. ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿದರು. ದಪ್ಪ ದಪ್ಪ ಪುಸ್ತಕಗಳನ್ನು ತೆರೆದು ಒಂದೊಂದೇ ಲಕ್ಷಣ ತಾಳೆ ಹಾಕಿದರು. ಕಡೆಗೆ ಎದ್ದು, ತಮ್ಮ ಕುರ್ಚಿಯನ್ನೇ ನನ್ನ ಕಡೆ ಎಳೆದರು.

"ಕೂತ್ಕೊಳ್ಳಿ ಮೇಡಂ. ಇದು ಯಾವುದಕ್ಕೂ ಹೊಂದೋದಿಲ್ಲ, ಹೊಸ ಜಾತಿಯೇ. ವರ್ಣನೆ ಬರೀರಿ. ಹೆಸರೂ ನೀವೇ ಇಡಿ."

ಬೇಡ ಸಾರ್, ಪರವಾಗಿಲ್ಲ ಎಂದು ನಾನು ಹೇಳಲಿಲ್ಲ. ಆ ಕುರ್ಚಿಯಲ್ಲಿ ಆರಾಮಾಗಿ ಕೂತೆ, ಪೆನ್ನು ತೆಗೆದೆ. ಅವರು ಪಕ್ಕದಲ್ಲಿ ನಿಂತೇ ಇದ್ದರು.