ಕೂಗುವವನ ಒಣ ನಾಲಿಗೆ

ಮೂರನೇ ನ್ಯಾಯಾಲಯದ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದು ಅವನ ಕೆಲಸ. ಇಪ್ಪತ್ತಾರು ವರ್ಷಗಳಿಂದ ಇದೇ. ಒಮ್ಮೆ ಬಾಯಿ ತೆರೆದರೆ ಕೆಳಗಿನ ಮೆಟ್ಟಿಲ ಮೇಲೆ ತೂಕಡಿಸುತ್ತಿದ್ದವರೂ ದಡಬಡಿಸಿ ಎದ್ದು ಬರುತ್ತಿದ್ದರು. ತುತ್ತೂರಿ ಎಂಬ ಅಡ್ಡಹೆಸರು ಬಂದದ್ದು ಹಾಗೆ. ನಿಜವಾದ ಹೆಸರು ಅಲ್ಲಿ ಯಾರಿಗೂ ನೆನಪಿಲ್ಲ. ಊರಿನವರ ಹೆಸರನ್ನೆಲ್ಲ ಕೂಗುವವನ ಹೆಸರು ಯಾರಿಗೆ ಬೇಕು?

ಒಂದು ವರ್ಷದಿಂದ ಅವನಿಗೆ ಬಾಯಿಯೇ ವೈರಿಯಾಗಿತ್ತು. ಬೆಳಗ್ಗೆ ಎದ್ದರೆ ನಾಲಿಗೆ ಅಂಗುಳಿಗೆ ಅಂಟಿರುತ್ತಿತ್ತು, ಗೋಡೆಗೆ ಹಚ್ಚಿದ ಹಳೇ ನೋಟೀಸಿನ ಹಾಗೆ. ಎಷ್ಟು ಅಗಿದರೂ ತುತ್ತು ಇಳಿಯದು. ಪ್ರತಿ ತುತ್ತಿಗೂ ಒಂದು ಗುಟುಕು ನೀರು ಬೇಕು. “ಊಟ ಮಾಡ್ತಿದ್ದೀರೋ, ಗಿಡಕ್ಕೆ ನೀರು ಹಾಕ್ತಿದ್ದೀರೋ?” ಎಂದು ಹೆಂಡತಿ ನಗುತ್ತಿದ್ದಳು. ಆಮೇಲೆ ನಗುವುದನ್ನು ಬಿಟ್ಟಳು.

ಮೂರು ಸಲ ಕೂಗಿದ ಮೇಲೂ ಬಾರದವರ ಕೇಸು ಬಿದ್ದುಹೋಗುತ್ತದೆ. ಕೂಗು ಕೇಳಿಸದಿದ್ದರೆ ಮುಳುಗುವವರು ಹೊರಗೆ ಕಾಯುತ್ತ ಕುಳಿತವರು. ಅದು ಅವನಿಗೆ ಗೊತ್ತಿತ್ತು, ಭಯವೂ ಅದೇ.

ಮೊದಮೊದಲು ಕೆಲಸಕ್ಕೆ ನಿಲ್ಲುವ ಮುಂಚೆ ಒಂದು ಚೊಂಬು ನೀರನ್ನು ಒಂದೇ ಏಟಿಗೆ ಇಳಿಸುತ್ತಿದ್ದ. ಬಾಯಿ ಅರ್ಧ ಗಂಟೆಯಲ್ಲಿ ಮತ್ತೆ ಒಣಗುತ್ತಿತ್ತು. ಮೂತ್ರ ಮಾತ್ರ ಹೇಳಿ ಕಳಿಸಿದಂತೆ ಬರುತ್ತಿತ್ತು. “ಏನ್ರೀ ತುತ್ತೂರಿ, ಕೋರ್ಟಿಗೆ ಬಂದಿದ್ದೀರೋ ಕಕ್ಕಸಿಗೆ ಬಂದಿದ್ದೀರೋ?” ಎಂದು ಬೆಂಚ್ ಕ್ಲರ್ಕ್ ಎಲ್ಲರೆದುರು ಕೇಳಿದ ಮೇಲೆ ಅವನು ಹಗಲಿಡೀ ನೀರು ಮುಟ್ಟುವುದನ್ನೇ ಬಿಟ್ಟ. ಬದಲಿಗೆ ದವಡೆಯಲ್ಲಿ ಸದಾ ಒಂದು ಪೆಪ್ಪರ್‌ಮಿಂಟು. ಎರಡು ಹಲ್ಲು ಹುಳುಕಾದವು.

ಸಿಬ್ಬಂದಿ ಒಳಗೆ ನೀರಿನ ಬಾಟಲಿ ತರಕೂಡದೆಂದು ನಿಯಮ. ಕುಳಿತವರ ಮುಂದೆ ಮುಚ್ಚಳ ಹಾಕಿದ ಗಾಜಿನ ಲೋಟವಿರುತ್ತದೆ; ನಿಂತವನಿಗೆ ಶಿಸ್ತು. ಈ ನಿಯಮ ಬರೆದವರು ಕುಳಿತೇ ಬರೆದಿರಬೇಕು.

ಸಕ್ಕರೆ ಕಾಯಿಲೆಯೇ ಇರಬೇಕೆಂದು ಅವನು ತಾನೇ ತೀರ್ಪು ಕೊಟ್ಟುಕೊಂಡಿದ್ದ. ಇನ್ನು ಪರೀಕ್ಷೆ ಯಾಕೆಂದು ಆಸ್ಪತ್ರೆಯ ಕಡೆ ತಲೆ ಹಾಕಿರಲಿಲ್ಲ. ಕೊನೆಗೆ ಹೆಂಡತಿ ಎಳೆದುಕೊಂಡು ಹೋದಳು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ, “ಸಕ್ಕರೆ ಏನೂ ಇಲ್ಲ. ಬೇರೆ ಯಾವ ಮಾತ್ರೆ ತಗೋತೀರಿ?” ಎಂದರು.

“ಯಾವುದೂ ಇಲ್ಲಮ್ಮ.”

“ಯಾವುದೂ ಇಲ್ವಾ?” ಹೆಂಡತಿ ಅವನ ಕಡೆ ತಿರುಗಿದಳು. “ಸೀನಿಗೆ ಅಂತ ಬೆಳಗ್ಗೆ ಒಂದು, ರಾತ್ರಿ ಒಂದು ನುಂಗ್ತೀರಲ್ರೀ, ಅದೇನು ಕಡಲೆಬೀಜಾನಾ?”

ಹಳೇ ಕಡತಗಳ ಧೂಳಿಗೆ ಬರುವ ಸೀನು ತಡೆಯಲು ಅಂಗಡಿಯಿಂದ ತಾನೇ ಕೊಂಡು ತಂದು, ವರ್ಷದಿಂದ ನುಂಗುತ್ತಿದ್ದ ಹಳದಿ ಮಾತ್ರೆ. ಅದನ್ನವನು ಔಷಧವೆಂದೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

“ಮೂಗು ಒಣಗಿಸೋ ಮಾತ್ರೆ ಬಾಯಿನ ಬಿಡುತ್ತಾ?” ಎಂದರು ಡಾಕ್ಟರಮ್ಮ. “ಅದನ್ನ ನಿಲ್ಲಿಸಿ, ಸೀನಿಗೆ ಬೇರೆ ಕೊಡ್ತೀನಿ. ನೀರು ಚೊಂಬುಗಟ್ಟಲೆ ಸುರ್ಕೋಬೇಡಿ, ಆಗಾಗ ಒಂದೊಂದು ಗುಟುಕು ಕುಡೀರಿ. ಪೆಪ್ಪರ್‌ಮಿಂಟು ಬಿಡಿ, ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬೇಗ ಹಾಳಾಗುತ್ತೆ. ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಅಗೀರಿ, ಜೊಲ್ಲು ಬರುತ್ತೆ. ಎರಡು ವಾರದಲ್ಲಿ ಹಗುರಾಗದಿದ್ರೆ ಬನ್ನಿ, ಬೇರೆ ಕಾರಣ ಹುಡುಕೋಣ.”

ಆಗಾಗ ಗುಟುಕು ಬೇಕಾದರೆ ಬಾಟಲಿ ಬೇಕು. ಮರುದಿನ ಅವನು ಡಾಕ್ಟರಮ್ಮನ ಚೀಟಿ ಹಿಡಿದು ಬೆಂಚ್ ಕ್ಲರ್ಕನ ಮುಂದೆ ನಿಂತ.

“ಇವತ್ತು ಬಾಟಲಿ ಅಂತೀರಿ, ನಾಳೆ ದಿಂಬೂ ತರ್ತೀರಿ,” ಎಂದು ಆತ ಚೀಟಿಯನ್ನು ಓದದೆಯೇ ಹಿಂದಕ್ಕೆ ತಳ್ಳಿದ.

ಅಂದು ಹದಿನೇಳನೇ ಕೇಸು ಒಬ್ಬ ಹೆಂಗಸಿನದು. ಶಾಲೆಯಲ್ಲಿ ಕಸ ಗುಡಿಸುವ ಕೆಲಸದಿಂದ ಕಾರಣ ಹೇಳದೆ ತೆಗೆದುಹಾಕಿದ್ದರ ವಿರುದ್ಧ ನಾಲ್ಕು ವರ್ಷದಿಂದ ಅಲೆಯುತ್ತಿದ್ದಳು. ವಕೀಲನ ಸುಳಿವಿರಲಿಲ್ಲ. ಬಾಗಿಲ ಬಳಿಯ ಬೆಂಚಿನ ಮೇಲೆ ವಕೀಲರ ಚೀಲಗಳು ಕುಳಿತಿದ್ದರಿಂದ ಅವಳು ಪಡಸಾಲೆಯ ಆ ತುದಿಯಲ್ಲಿ, ಜನರ ಹಿಂದೆ, ನೆಲದ ಮೇಲೆ ಕುಳಿತದ್ದನ್ನು ಅವನು ಬೆಳಗ್ಗೆಯೇ ನೋಡಿದ್ದ.

ಮೊದಲ ಸಲ ಕೂಗಿದಾಗ ಬರೀ ಗಾಳಿ ಹೊರಟಿತು. ಎರಡನೇ ಸಲ ಅರ್ಧ ಹೆಸರು ಬಂದು ಗಂಟಲಲ್ಲೇ ಮುರಿಯಿತು. ಮೂರನೇ ಸಲ ತುಟಿ ಮಾತ್ರ ಆಡಿತು.

ಒಳಗೆ ಜಡ್ಜ್ ಸಾಹೇಬರು ಪೆನ್ನು ಎತ್ತಿದ್ದರು. ಬೆಂಚ್ ಕ್ಲರ್ಕ್ ಅವನ ಪರವಾಗಿ ತಾನೇ ಹೇಳಿಬಿಟ್ಟ: “ಮೂರು ಸಲ ಕೂಗಿಸಿದೆ ಸಾರ್. ಗೈರು.”

ಸುಮ್ಮನಿದ್ದರೆ ಮುಗಿಯುತ್ತಿತ್ತು. ಅವನಿಗೆ ಸುಸ್ತಾಗಿತ್ತು, ಸುಮ್ಮನಿರುವುದಕ್ಕೂ ಆಗದಷ್ಟು.

“ಕೂಗಿಲ್ಲ ಸ್ವಾಮಿ,” ಎಂದ. ಧ್ವನಿ ಸವೆದ ಚಪ್ಪಲಿಯಂತೆ ಎಳೆದುಕೊಂಡು ಬಂತು. “ಬಾಯಿ ಆಡ್ತು, ಸದ್ದು ಹೊರಡಲಿಲ್ಲ. ಆಕೆ ಇಲ್ಲೇ ಇದ್ದಾಳೆ.”

ಸಾಹೇಬರ ಹುಬ್ಬು ಗಂಟಿಕ್ಕಿತು. “ಮತ್ತೆ ನಿಂತಿದ್ದೀರೇಕೆ? ನೀರು ಕುಡಿದು ಬಂದು ಕೂಗಿ.”

ಅವನು ನಲ್ಲಿಯ ಬಳಿ ಒಂದು ಗುಟುಕನ್ನು ಬಾಯೊಳಗೆ ಹೊರಳಾಡಿಸಿ ಮೆಲ್ಲಗೆ ನುಂಗಿದ. ಆದರೂ ಧ್ವನಿಯನ್ನು ನಂಬಲಿಲ್ಲ. ಪಡಸಾಲೆಯ ತುದಿಯವರೆಗೂ ನಡೆದು ಹೋಗಿ, ಅವಳ ಪಕ್ಕ ಬಗ್ಗಿ ಹೆಸರು ಹೇಳಿದ.

“ಕರೆದ್ರಾ ಅಣ್ಣಾ?” ಅವಳು ಗೋಡೆ ಹಿಡಿದು ಎದ್ದಳು. “ಬೆಳಗ್ಗೆಯಿಂದ ಕಿವಿ ಕೊಟ್ಕೊಂಡೇ ಕೂತಿದ್ದೆ.”

ಕೇಸು ಬೀಳಲಿಲ್ಲ, ಮುಂದಿನ ತಿಂಗಳಿಗೆ ಹೋಯಿತು. ನಾಲ್ಕು ವರ್ಷದಲ್ಲಿ ಅದು ಎಷ್ಟನೇ ವಾಯಿದೆಯೋ, ಅವಳು ಎಣಿಸುವುದನ್ನು ಬಿಟ್ಟಿದ್ದಳು.

ಸಂಜೆ ಬೆಂಚ್ ಕ್ಲರ್ಕ್ ಅವನ ಕೈಗೊಂದು ಕಾಗದ ಕೊಟ್ಟ: ಕಲಾಪಕ್ಕೆ ಅಡ್ಡಿ ಮಾಡಿದ್ದಕ್ಕೆ ಲಿಖಿತ ವಿವರಣೆ ಕೊಡಬೇಕಂತೆ. ಅವನು ಅಲ್ಲೇ ನಿಂತು, ಮೇಜಿನ ಅಂಚಿಗೆ ಕಾಗದ ಒತ್ತಿಕೊಂಡು, “ಬಾಯಿ ಒಣಗಿತ್ತು” ಎಂದು ಬರೆದು ಸಹಿ ಹಾಕಿದ.

“ಇಷ್ಟೇನಾ?” ಎಂದ ಬೆಂಚ್ ಕ್ಲರ್ಕ್.

“ಇಷ್ಟೇ ಸಾರ್.”